ಪದವಿಚಾರ: ಲ್ಯಾಟಿನ್

ಒಂದೇ ಹೆಸರು ಹಲವು ವಸ್ತುಗಳಿಗೆ ಅಂಟಿಕೊಂಡಾಗ ತಿಳಿವಿಗಿಂತಲೂ ತೊಡಕೇ ಹೆಚ್ಚುವುದುಂಟು. ‘ಲ್ಯಾಟಿನ್’ ಎಂಬುದು ಅಂಥ ಹೆಸರುಗಳಲ್ಲೊಂದು. ಭೂಪಟದಲ್ಲಿ, ನೆರೆಯವರ ಮತಾಚಾರದಲ್ಲಿ, ಸಸ್ಯಶಾಸ್ತ್ರದ ಗ್ರಂಥದಲ್ಲಿ, ವೈದ್ಯರ ಚೀಟಿಯಲ್ಲಿ ಅದು ಕಾಣಬರುವುದು. ಅರ್ಥವು ಮಾತ್ರ ಎಲ್ಲೆಡೆಯೂ ಒಂದೇ ಅಲ್ಲ.

ಇಟಲಿಯಲ್ಲಿ ಟೈಬರ್ ನದಿಯ ದಕ್ಷಿಣಕ್ಕೆ ಪೂರ್ವಕಾಲದಲ್ಲಿ ಲ್ಯಾಟಿಯಮ್ ಎಂಬ ಸಣ್ಣ ಸೀಮೆಯಿದ್ದಿತು. ಅಲ್ಲಿಯ ಜನರು ಲ್ಯಾಟಿನರು. ಅವರ ನುಡಿ ಲ್ಯಾಟಿನ್. ಆ ಸೀಮೆಯ ರೋಮ್ ಪಟ್ಟಣವು ಸಾಮ್ರಾಜ್ಯವಾಗಿ ಬೆಳೆಯಲು, ನುಡಿಯೂ ಅದರೊಡನೆ ಹಬ್ಬಿತು. ಸಾಮಾನ್ಯರ ಬಾಯಲ್ಲಿ ಅದು ಕ್ರಮೇಣ ಮಾರ್ಪಟ್ಟು ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್ ಮೊದಲಾದ ಭಾಷೆಗಳಾಯಿತು. ವಿದ್ವಾಂಸರ ಲೇಖನಿಯಲ್ಲಿ ಹಳೆಯ ರೂಪದಲ್ಲಿಯೇ ನಿಂತಿತು.

ಮೆಕ್ಸಿಕೋದಿಂದ ಚಿಲಿಯವರೆಗಿನ ದೇಶಗಳಿಗೆ ಲ್ಯಾಟಿನ್ ಅಮೆರಿಕವೆಂದು ಹೆಸರು. ಅಲ್ಲಿಯವರು ಆಡುವುದು ಹೆಚ್ಚಾಗಿ ಸ್ಪ್ಯಾನಿಷ್, ಬ್ರೆಜಿಲಿನಲ್ಲಿ ಪೋರ್ಚುಗೀಸ್. ತಾಯಿಯ ಹೆಸರು ಮಕ್ಕಳಿಗೆ ಸಂದಿತು, ಅಷ್ಟೆ. ತುರ್ಕಿ ದೇಶವು 1928ರಲ್ಲಿ ಲ್ಯಾಟಿನ್ ಲಿಪಿಯನ್ನು ಅಂಗೀಕರಿಸಿತು. ಅದರಿಂದ ತುರ್ಕಿ ಭಾಷೆಯು ಲ್ಯಾಟಿನ್ ಆಗಲಿಲ್ಲ.

ನಮ್ಮ ನೆರೆಯ ಕೇರಳದಲ್ಲಿ ‘ಲ್ಯಾಟಿನ್ ಕ್ಯಾಥೊಲಿಕರು’ ಎಂಬ ಸಮುದಾಯವುಂಟು. ಅವರ ಮನೆಮಾತು ಮಲೆಯಾಳ. ಹಿಂದೆ ಅವರ ಪೂಜಾವಿಧಿಯು ಲ್ಯಾಟಿನಿನಲ್ಲಿಯೂ, ಸಿರಿಯನ್ ಕ್ರೈಸ್ತರದು ಸಿರಿಯಾಕ್ ನುಡಿಯಲ್ಲಿಯೂ ನಡೆಯುತ್ತಿದ್ದುದರಿಂದ ಈ ಹೆಸರುಗಳಾದುವು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ದೇಶಭಾಷೆಗಳು ಪೂಜೆಗೆ ಬಂದುವು, ಹೆಸರು ಹೋಗಲಿಲ್ಲ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರೂ ಇದೇ ಲ್ಯಾಟಿನ್ ವಿಧಿಗೆ ಸೇರಿದವರು. ಹೆಸರನ್ನು ಕೇಳಿದ ಮಾತ್ರಕ್ಕೆ ಇಂಥವರನ್ನು ಪರದೇಶದವರೆಂದು ಬಗೆಯುವುದು ನ್ಯಾಯವಲ್ಲ.

ನಮ್ಮ ಬೇವಿನ ಮರಕ್ಕೆ ಶಾಸ್ತ್ರಜ್ಞರಿಟ್ಟ ಹೆಸರು ‘ಅಜಾಡಿರಾಕ್ಟ ಇಂಡಿಕ’. ಇದನ್ನು ಲ್ಯಾಟಿನ್ ಹೆಸರೆನ್ನುವರು. ಆದರೆ ಮೊದಲನೆಯ ಮಾತು ಪಾರಸಿಯಿಂದ ಬಂದುದು. ಉಡಿಗೆ ಲ್ಯಾಟಿನ್, ಒಡಲು ಬೇರೆ!

ಆದುದರಿಂದ ಲ್ಯಾಟಿನ್ ಎಂಬ ಹೆಸರು ಒಂದು ವಸ್ತು ಯಾವ ದಾರಿಯಿಂದ ಬಂದಿತೆಂಬುದನ್ನು ತಿಳಿಸುವುದೇ ಹೊರತು, ಅದು ಈಗ ಏನಾಗಿದೆಯೆಂಬುದನ್ನಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಗೃಹಸ್ಥರು ಮುಖ್ಯವಾಗಿ ಕೇಳಿ ತಿಳಿಯತಕ್ಕ ಸ್ಥಳವು ಔಷಧದ ಚೀಟಿ. ಅನೇಕ ವೈದ್ಯರು ಈಗಲೂ ‘ಬಿ.ಡಿ.’, ‘ಟಿ.ಡಿ.ಎಸ್.’ ಎಂದು ಬರೆಯುವರು. ಇವು ಲ್ಯಾಟಿನ್ ಮಾತುಗಳ ಮೊದಲಕ್ಷರಗಳು. ಕ್ರಮವಾಗಿ ದಿನಕ್ಕೆ ಎರಡು ಸಲ, ಮೂರು ಸಲ ಎಂದರ್ಥ. ಒಂದನ್ನು ಇನ್ನೊಂದೆಂದು ಓದಿದರೆ ಮದ್ದಿನ ಪ್ರಮಾಣವೇ ಕೆಡುವುದು. ಚೀಟಿಯು ಕೈಗೆ ಬಂದೊಡನೆ, ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿ, ಅದರ ಮಗ್ಗುಲಲ್ಲಿಯೇ ಕನ್ನಡದಲ್ಲಿ ಬರೆಯಿಸಿಕೊಳ್ಳಿರಿ. ಮನೆಯಲ್ಲಿ ಮದ್ದನ್ನು ಕೊಡುವವರು ಓದಬಲ್ಲ ನುಡಿಯೇ ರೋಗಿಗೆ ಹಿತವಾದ ನುಡಿ.