ಮರಿಮೀನಿಗೆ ಮೊದಲ ತುತ್ತು

ಮೊದಲ ಸಲ ನಮ್ಮನೆಯ ಬೆಟ್ಟಾ ಮೀನು ಮರಿ ಮಾಡಿದಾಗ ಆಫೀಸಿನ ಗ್ರೂಪಿಗೆಲ್ಲ ಫೋಟೋ ಕಳಿಸಿದ್ದೆ. ಗಂಡುಮೀನು ನೀರಿನ ಮೇಲೆ ಕಟ್ಟಿದ ನೊರೆಯ ಗೂಡು, ಅದರಡಿ ಅಲ್ಪವಿರಾಮದಂತೆ ನೇತಾಡುವ ಮರಿಗಳು, ಎಣಿಸೋಕಾಗದಷ್ಟು! ಹತ್ತನೇ ದಿನಕ್ಕೆ ಒಂದೂ ಉಳಿದಿರಲಿಲ್ಲ. ಅಮ್ಮನ ಕಣ್ಣು ತಪ್ಪಿಸಿ ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಹಾಕಿದೆ, ನೀರು ಕೊಳೆಯಿತು. ಪುಡಿ ಆಹಾರ ಹಾಕಿದೆ, ತಿರುಗಿಯೂ ನೋಡಲಿಲ್ಲ. ತೊಟ್ಟಿ ತೊಳೆಯುತ್ತಿದ್ದಾಗ ಅಮ್ಮ ಅಂದಿದ್ದು ಒಂದೇ ಮಾತು: "ಮರಿ ಆಗೋದು ದೊಡ್ಡದಲ್ಲ ಕಣೋ, ಸಾಕೋದು ದೊಡ್ಡದು."

ತಪ್ಪು ಎಲ್ಲಾಯಿತು ಅಂತ ಆಮೇಲೆ ತಿಳಿಯಿತು. ಬೆಟ್ಟಾ ಮರಿಗಳು ಅಲುಗಾಡುವುದನ್ನೇ ಹಿಡಿದು ತಿನ್ನುವಂಥವು. ಸುಮ್ಮನೆ ಬಿದ್ದಿರುವ ಪುಡಿ ಅವಕ್ಕೆ ಊಟ ಅಂತಲೇ ಅನಿಸುವುದಿಲ್ಲ. ಅದಕ್ಕೇ ಮೀನು ಸಾಕುವವರು ಮನೆಯಲ್ಲೇ ಬ್ರೈನ್ ಶ್ರಿಂಪ್ ಮರಿ ಮಾಡಿಸುತ್ತಾರೆ. ಇದು ಉಪ್ಪಿನ ಸರೋವರಗಳಲ್ಲಿ ಬದುಕುವ, ಸೀಗಡಿಯ ದೂರದ ನೆಂಟ. ಶಾಸ್ತ್ರೀಯ ಹೆಸರು ಆರ್ಟೀಮಿಯಾ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್‌ನ ಮೊಟ್ಟೆಗಳಿಗೆ ಹೆಚ್ಚು ಹೆಸರು. ನಮ್ಮ ರಾಜಸ್ಥಾನದ ಸಾಂಭರ್ ಸರೋವರದಲ್ಲೂ ಈ ಜೀವಿ ಇದೆ. ಕಂದು ಪುಡಿಯಂತೆ ಕಾಣುವ ಈ ಮೊಟ್ಟೆಗಳು ಒಣಗಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತವೆ. ಉಪ್ಪುನೀರು, ಬೆಳಕು, ಬಿಸುಪು ಸಿಕ್ಕರೆ ಒಂದು ದಿನದಲ್ಲಿ ಜೀವ!

ಬೇಕಾಗಿದ್ದೆಲ್ಲ ಮನೆಯಲ್ಲೇ ಇರುತ್ತದೆ. 2 ಲೀಟರಿನ ಕೂಲ್‌ಡ್ರಿಂಕ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿದು ತಲೆಕೆಳಗಾಗಿ ನಿಲ್ಲಿಸಿ. ರಾತ್ರಿಯಿಡೀ ತೆರೆದಿಟ್ಟ ನಲ್ಲಿ ನೀರು 1 ಲೀಟರ್, ಅದಕ್ಕೆ 25 ಗ್ರಾಂ ಕಲ್ಲುಪ್ಪು. ಕಾಲು ಟೀಚಮಚ ಮೊಟ್ಟೆ ಸಾಕು. ಏರ್ ಪಂಪಿನ ಕೊಳವೆ ತುದಿಯವರೆಗೆ ಇಳಿಯಬೇಕು, ಇಲ್ಲದಿದ್ದರೆ ಮೊಟ್ಟೆ ತಳದಲ್ಲಿ ಕೂತುಬಿಡುತ್ತವೆ.

ನಾನು ಎಡವಿದ್ದು ಬಿಸುಪಿನಲ್ಲಿ. ಡಿಸೆಂಬರಿನ ಬೆಂಗಳೂರು, ಪಕ್ಕದಲ್ಲಿ ಎಲ್‌ಇಡಿ ಬಲ್ಬ್. ಬೆಳಕೇನೋ ಭರ್ಜರಿ, ಆದರೆ ಕಾವೇ ಇಲ್ಲ. ಒಂದೂವರೆ ದಿನ ಕಾದರೂ ಅಲ್ಲೊಂದು ಇಲ್ಲೊಂದು. ಉಪ್ಪು ಸರಿಯಿಲ್ಲ, ಮೊಟ್ಟೆ ಹಳೆಯದು ಅಂತ ಏನೇನೋ ಶಂಕೆ. ಕೊನೆಗೆ ಥರ್ಮಾಮೀಟರ್ ಇಟ್ಟರೆ 20 ಡಿಗ್ರಿ! ಅಟ್ಟದಿಂದ ಹಳೇ ಕಾಲದ 40 ವ್ಯಾಟಿನ ಬಲ್ಬ್ ಇಳಿಸಿ, ನೀರು 27 ಡಿಗ್ರಿ ಆಗುವಷ್ಟು ಹತ್ತಿರ ಇಟ್ಟೆ. ಮಾರನೇ ದಿನ ಬಾಟಲಿ ತುಂಬ ಕಿತ್ತಳೆ ಬಣ್ಣದ ಚುಕ್ಕೆಗಳ ಕುಣಿತ.

ಇನ್ನು ಸೋಸುವುದು. ಪಂಪ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಚಿಪ್ಪು ಮೇಲೆ ತೇಲುತ್ತವೆ, ಒಡೆಯದ ಮೊಟ್ಟೆ ತಳ ಸೇರುತ್ತವೆ. ಮರಿಗಳು ಬೆಳಕಿನತ್ತ ಓಡುತ್ತವೆ, ಹಾಗಾಗಿ ಬಾಟಲಿಯ ಕೆಳಭಾಗಕ್ಕೆ ಟಾರ್ಚ್ ಹಿಡಿದರೆ ಅಲ್ಲೇ ಗುಂಪು ಕಟ್ಟುತ್ತವೆ. ಸಣ್ಣ ಕೊಳವೆಯಿಂದ ಆ ಗುಂಪನ್ನಷ್ಟೇ ಎಳೆದು, ಒತ್ತು ನೇಯ್ಗೆಯ ಕರ್ಚೀಫಿನಲ್ಲಿ ಸೋಸಿ, ಸಿಹಿನೀರಲ್ಲಿ ಜಾಲಿಸಿ ಹಾಕಿ. ಚಿಪ್ಪು ಹೋಗದಂತೆ ನೋಡಿಕೊಳ್ಳಿ, ಅದು ಜೀರ್ಣವಾಗದು. ತಡವೂ ಮಾಡಬೇಡಿ: ಹುಟ್ಟಿದ ಮರಿ ತನ್ನ ಒಡಲ ಸತ್ವವನ್ನೇ ಕರಗಿಸುತ್ತಾ ಹೋಗುತ್ತದೆ, ಹೊತ್ತಾದಷ್ಟೂ ಪೌಷ್ಟಿಕಾಂಶ ಕಡಿಮೆ. ಮೀನುಮರಿಗಳು ಅಡ್ಡಕ್ಕೆ ಈಜತೊಡಗಿದ ಮೇಲೆಯೇ ಊಟ ಶುರು, ಅಲ್ಲಿಯವರೆಗೆ ಹೊಟ್ಟೆಯ ಹಳದಿ ಚೀಲವೇ ಅವಕ್ಕೆ ಬುತ್ತಿ.

ಎಲ್ಲ ನೋಡುತ್ತಿದ್ದ ಅಮ್ಮ ಕೇಳಿದರು, "ಅವೂ ಜೀವ ತಾನೇ? ಒಂದನ್ನ ಉಳಿಸೋಕೆ ಇಷ್ಟೊಂದನ್ನ ಹುಟ್ಟಿಸಿ ಕೊಲ್ಲೋದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಹೌದಮ್ಮ, ಅವೂ ಜೀವಾನೇ" ಅಂದೆ. ಮೀನನ್ನು ಜೋಡಿ ಮಾಡಿ ಬಿಟ್ಟವನು ನಾನು. ಮರಿಗಳನ್ನು ಹಸಿವಿನಿಂದ ಒಮ್ಮೆ ಸಾಯಿಸಿದವನೂ ನಾನೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಮ್ಮ ಅಂದರು, "ಹಾಗಾದ್ರೆ ಬೇಕಾದಷ್ಟೇ ಮಾಡು. ದಂಡ ಮಾಡ್ಬೇಡ."

ಅದೇ ಈಗ ನಮ್ಮನೆ ನಿಯಮ. ಮಿಕ್ಕಿದ್ದು ಸಿಹಿನೀರಲ್ಲಿ ಕೆಲವೇ ಗಂಟೆ ಬದುಕಿ, ಸತ್ತು ನೀರು ಕೆಡಿಸುತ್ತದೆ. ಆದ್ದರಿಂದ ಮೀನಿಗೂ ಅಮ್ಮನ ಮಾತೇ ಸರಿ. ಹೊಸದಾಗಿ ಮೀನು ಜೋಡಿ ಮಾಡುವ ಯೋಚನೆಯನ್ನೂ ಸದ್ಯಕ್ಕೆ ಬಿಟ್ಟಿದ್ದೇನೆ.

ಈ ಸಲ ಮೂವತ್ತೆಂಟು ಮರಿಗಳು ತಿಂಗಳು ದಾಟಿವೆ. ಮೊದಮೊದಲು ಊಟವಾದ ಮೇಲೆ ಅವುಗಳ ಹೊಟ್ಟೆ ಕಿತ್ತಳೆ ಮಣಿಯಂತೆ ಹೊಳೆಯುತ್ತಿತ್ತು. ಬೆಳಗ್ಗೆ ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ಬಗ್ಗಿ, "ಎಲ್ಲಾರದ್ದೂ ಊಟ ಆಯ್ತು" ಅಂತ ನನಗೆ ವರದಿ ಒಪ್ಪಿಸುತ್ತಿದ್ದವರು ಅಮ್ಮನೇ.