ಅಂಗಡಿ ತೆರೆದಿಟ್ಟುಕೊಂಡೇ ಕಿರ್ದಿ ಬದಲಿಸುವುದು ಹೇಗೆ?

ಕಳೆದ ಭಾನುವಾರ ಸಂಜೆ ಬಸ್ ನಿಲ್ದಾಣದ ಎದುರು ಸಾಲಿನ ಅಂಗಡಿಗಳಲ್ಲಿ ಆದ ಗಲಾಟೆಯನ್ನು ಕಂಡವರು ಕಂಡಿದ್ದಾರೆ. ಸಾಮಾನು ಚೀಲಕ್ಕೆ ಬಿದ್ದಿದೆ, ಗಿರಾಕಿ ಫೋನು ಹಿಡಿದು ಸ್ಕ್ಯಾನ್ ಮಾಡಿದ್ದಾನೆ, ಅವನ ಖಾತೆಯಿಂದ ದುಡ್ಡು ಹೋಗಿದೆ. ಆದರೆ ಗಲ್ಲಾದ ಮೇಲಿನ ಮಾತಾಡುವ ಪೆಟ್ಟಿಗೆ ಮಾತ್ರ ಬಾಯಿ ಬಿಡುತ್ತಿಲ್ಲ. ಅತ್ತ ಬಸ್ಸು ಹಾರನ್ ಹೊಡೆಯುತ್ತಿದೆ. 'ನಂದು ಹೋಗಿದೆಯಲ್ರೀ' ಎಂದು ಇವನು, 'ನಂಗೆ ಬಂದಿಲ್ವಲ್ಲಪ್ಪ' ಎಂದು ಅವರು. ಕೊನೆಗೆ ಕಿರಾಣಿ ಅಂಗಡಿಯ ಯಜಮಾನರು 340 ರೂಪಾಯಿಯ ಲೆಕ್ಕವನ್ನು ಚೀಟಿಯಲ್ಲಿ ಬರೆದು ಮೊಳೆಗೆ ಸಿಕ್ಕಿಸಿ, ಗುರುತು ಪರಿಚಯ ಇಲ್ಲದ ಗಿರಾಕಿಯನ್ನು ಬಸ್ಸು ಹತ್ತಿಸಿದರು. ಅಂಥ ಚೀಟಿ ಅವತ್ತು ಆ ಮೊಳೆಯಲ್ಲಿ ಏಳೆಂಟು ಇದ್ದವು.

ವಿಚಾರಿಸಿದರೆ ಶನಿವಾರ ರಾತ್ರಿ ಹನ್ನೊಂದಕ್ಕೆ, ಅಂಗಡಿ ಬಾಗಿಲು ಹಾಕಿದ ಮೇಲೆ, ಬ್ಯಾಂಕಿನವರು ಒಂದು ಸಂದೇಶ ಕಳಿಸಿದ್ದರಂತೆ. 'ವ್ಯವಸ್ಥೆಯ ಉನ್ನತೀಕರಣದ ನಿಮಿತ್ತ ಸೇವೆಯಲ್ಲಿ ವ್ಯತ್ಯಯ ಉಂಟಾಗಬಹುದು, ಸಹಕರಿಸಿ.' ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ಸೇವೆ ಇರುತ್ತದೆ, ಯಾವುದು ಇರುವುದಿಲ್ಲ, ಒಂದೂ ಇಲ್ಲ.

'ಉನ್ನತೀಕರಣ ಅಂದ್ರೆ ಏನು ಸ್ವಾಮಿ? ದೀಪಾವಳಿಗೆ ನಾವೂ ಹೊಸ ಕಿರ್ದಿ ತೆಗೀತೀವಿ. ಹಳೇದರ ಶಿಲ್ಕು ಹೊಸದಕ್ಕೆ ಎತ್ತಿ ಬರೆದು ಪೂಜೆ ಮಾಡಿದ್ರೆ ಆಯ್ತು. ಇವರಿಗೇನು ಕಷ್ಟ?' ಎಂದು ಯಜಮಾನರು ಕೇಳಿದರು. ಪ್ರಶ್ನೆ ಸರಿಯಾಗಿದೆ. ಉತ್ತರವನ್ನು ಬ್ಯಾಂಕಿನವರೇ ಕೊಡಬೇಕಿತ್ತು. ಅವರು ಕೊಡದ ಕಾರಣ, ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿಕೊಂಡಿರುವ ನಮ್ಮ ಬೀದಿಯ ಹುಡುಗನೊಬ್ಬ ರಜೆಗೆ ಬಂದಿದ್ದಾಗ ಹಿಡಿದು ಕೂರಿಸಿಕೊಂಡು ಕೇಳಿದ್ದಾಯಿತು.

ವಿಷಯ ಹೀಗೆ. ದೊಡ್ಡ ಲೆಕ್ಕಪತ್ರ ಈಗ ಒಂದೇ ಯಂತ್ರದಲ್ಲಿ ಇರುವ ಕಾಲ ಹೋಗುತ್ತಿದೆ. ಹತ್ತಾರು, ಕೆಲವು ಕಡೆ ನೂರಾರು ಯಂತ್ರಗಳು ಸೇರಿ ಒಂದು ಗುಂಪು. ಇಂಗ್ಲಿಷ್ ಬಲ್ಲವರು ಇದನ್ನು ಕ್ಲಸ್ಟರ್ ಎನ್ನುತ್ತಾರೆ. ಒಂದೊಂದು ಲೆಕ್ಕವನ್ನೂ ಸಾಮಾನ್ಯವಾಗಿ ಮೂರು ಯಂತ್ರಗಳಲ್ಲಿ ಬರೆದಿಡುತ್ತಾರೆ. ಮೂರರಲ್ಲಿ ಎರಡು 'ಬರೆದೆ' ಎಂದರೆ ಲೆಕ್ಕ ಖಾಯಂ. ಮೂವರು ಅಣ್ಣತಮ್ಮಂದಿರು ಒಂದೇ ವ್ಯಾಪಾರಕ್ಕೆ ಮೂರು ಕಿರ್ದಿ ಇಟ್ಟ ಹಾಗೆ. ಒಬ್ಬ ಮಲಗಿದರೂ ಅಂಗಡಿ ನಡೆಯುತ್ತದೆ. ಇಬ್ಬರು ಮಲಗಿದರೆ ನಿಲ್ಲುತ್ತದೆ.

ಹಾಗಾಗಿ ಇಂಥ ಗುಂಪಿನಲ್ಲಿ ಹೊಸ ಆವೃತ್ತಿ ಹಾಕುವಾಗ ಇಡೀ ಅಂಗಡಿಗೆ ಬೀಗ ಹಾಕಬೇಕಿಲ್ಲ. ಒಂದು ಯಂತ್ರವನ್ನು ಇಳಿಸಿ, ಹೊಸದು ಹಾಕಿ, ಎಬ್ಬಿಸಿ, ಸರಿ ಇದೆಯೇ ನೋಡಿ, ನಂತರ ಮುಂದಿನದಕ್ಕೆ ಕೈ ಹಾಕುವುದು. ಕೇಳುವುದಕ್ಕೆ ಸಲೀಸು! ಆದರೆ ಒಂದು ಕೆಳಗಿದ್ದಾಗಲೇ ಇನ್ನೊಂದು ತಾನಾಗಿ ಕೆಟ್ಟು ಕೂತರೆ? ಅದಕ್ಕೇ ಮೊದಲ ಯಂತ್ರ ಮುಟ್ಟುವ ಮುಂಚೆಯೇ ಇಡೀ ಗುಂಪಿನ ಆರೋಗ್ಯ ನೋಡಬೇಕು. ಕಾಯಿಲೆ ಬಿದ್ದ ಯಂತ್ರ ಇಟ್ಟುಕೊಂಡು ಈ ಕೆಲಸಕ್ಕೆ ಇಳಿಯಬಾರದು.

ಹಳೆಯದು ಓಡುತ್ತಿದೆಯಲ್ಲ, ಮುಟ್ಟುವುದೇ ಯಾಕೆ ಎಂದರೆ ಅದಕ್ಕೂ ಕಾರಣ ಇದೆ. ಈ ಜಾತಿಯ ಹೆಸರುವಾಸಿ ತಂತ್ರಾಂಶ ಕಸಾಂಡ್ರ. ಫೇಸ್‌ಬುಕ್ ಕಂಪೆನಿಯಲ್ಲಿ ಹುಟ್ಟಿ 2008ರಲ್ಲಿ ಬಹಿರಂಗವಾದದ್ದು, ಬಿಟ್ಟಿ ಸಿಗುತ್ತದೆ. ಅದರ 4ನೇ ಆವೃತ್ತಿ 2021ರ ಜುಲೈನಲ್ಲಿ, 5ನೆಯದು 2024ರ ಸೆಪ್ಟೆಂಬರ್‌ನಲ್ಲಿ ಬಂತು. 5 ಬಂದ ಮೇಲೆ 3ಕ್ಕೆ ರಿಪೇರಿ ಇಲ್ಲ. ನಾಳೆ ಅದರಲ್ಲಿ ಕಳ್ಳ ನುಗ್ಗುವ ಕಿಂಡಿ ಕಂಡರೂ ಮುಚ್ಚುವವರಿಲ್ಲ. ಇನ್ನು 3ರಲ್ಲಿ ಕೂತವರು ನೇರ 5ಕ್ಕೆ ನೆಗೆಯುವ ಹಾಗೂ ಇಲ್ಲ, ಮಧ್ಯೆ 4ರ ಮೆಟ್ಟಿಲು ಹತ್ತಲೇಬೇಕು. 'ಮುಂದಿನ ವರ್ಷ ನೋಡೋಣ' ಎಂದವರಿಗೆ ಎರಡು ಸಲ ಹೆರಿಗೆ ನೋವು.

ಹುಡುಗ ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಮೂರು ತಾಸಿನ ಲೆಕ್ಕ. ಒಂದು ಯಂತ್ರ ಮಲಗಿದ್ದಾಗ ಅದಕ್ಕೆ ಬರಬೇಕಿದ್ದ ಲೆಕ್ಕವನ್ನು ಉಳಿದವು ಚೀಟಿ ಬರೆದಿಟ್ಟುಕೊಳ್ಳುತ್ತವೆ, ಥೇಟ್ ನಮ್ಮ ಯಜಮಾನರ ಮೊಳೆಯ ಚೀಟಿಯ ಹಾಗೆ. ಎದ್ದ ಮೇಲೆ ಒಪ್ಪಿಸುತ್ತವೆ. ಆದರೆ ಕಸಾಂಡ್ರದಲ್ಲಿ ಬೇರೆ ಏನೂ ಹೇಳದೆ ಹೋದರೆ ಚೀಟಿ ಬರೆಯುವುದು ಮೂರು ತಾಸು ಮಾತ್ರ. ಆಮೇಲಿನದನ್ನು ಯಾರೂ ಬರೆದಿಡುವುದಿಲ್ಲ, ಮೂರೂ ಪ್ರತಿ ತಾಳೆ ನೋಡಿ ಸರಿಪಡಿಸಬೇಕು. ಅರ್ಧ ಯಂತ್ರ ಹಳೆಯದು, ಅರ್ಧ ಹೊಸದು ಎಂಬ ಸ್ಥಿತಿಯಲ್ಲಿ ಈ ತಾಳೆ ಕೆಲಸ ಮಾಡಕೂಡದು. ಆಗ ಹೊಸ ಯಂತ್ರ ಸೇರಿಸಬಾರದು, ಲೆಕ್ಕದ ಪುಸ್ತಕಕ್ಕೆ ಹೊಸ ಕಾಲಂ ಕೂಡ ಎಳೆಯಬಾರದು. ಆದ್ದರಿಂದ ಒಂದೊಂದು ಯಂತ್ರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಮೊದಲೇ ಬೇರೆ ಗುಂಪಿನ ಮೇಲೆ ಪ್ರಯೋಗ ಮಾಡಿ ಗಡಿಯಾರ ನೋಡಿ ಬರೆದುಕೊಂಡಿರಬೇಕು. ಪ್ರತಿ ಯಂತ್ರದ ನಕಲನ್ನೂ ತೆಗೆದು ಬೇರೆ ಕಡೆ ಸಾಗಿಸಿರಬೇಕು. ನಕಲು ಅದೇ ಯಂತ್ರದೊಳಗೆ ಇದ್ದರೆ, ಬೀಗದ ಕೈಯನ್ನು ಬೀರುವಿನ ಒಳಗಿಟ್ಟು ಬಾಗಿಲು ಹಾಕಿದ ಹಾಗೆ.

ಎಲ್ಲಕ್ಕಿಂತ ದೊಡ್ಡ ಮಾತು ವಾಪಸು ಬರುವ ದಾರಿಯದು. ಹೊಸ ಆವೃತ್ತಿ ತನ್ನ ಹೊಸ ರೀತಿಯಲ್ಲಿ ಬರೆಯತೊಡಗಿದ ಮೇಲೆ ಅದನ್ನು ಹಳೆಯದು ಓದಲಾರದು. ಹಿಂದಕ್ಕೆ ಬರಬೇಕೆಂದರೆ ಹಳೆಯ ನಕಲಿಗೇ ಬರಬೇಕು, ನಡುವಿನ ವ್ಯಾಪಾರದ ಲೆಕ್ಕ ಗೋತಾ. ಈ ಸಂಕಟ ಗೊತ್ತಿದ್ದೇ ಕಸಾಂಡ್ರ 5ನೆಯದರಲ್ಲಿ, ನಾವು ಅನುಮತಿ ಕೊಡುವ ತನಕ 4ನೆಯದಕ್ಕೆ ಅರ್ಥವಾಗುವ ಹಾಗೆಯೇ ಬರೆಯುವ ಏರ್ಪಾಡು ಇಟ್ಟಿದ್ದಾರೆ. ಅಂದರೆ ಸೇತುವೆ ಯಾವಾಗ ಸುಡಬೇಕು ಎಂಬುದು ಮನುಷ್ಯ ಕೂತು ತೀರ್ಮಾನಿಸುವ ವಿಷಯ. ಆ ತೀರ್ಮಾನ ಯಾರದು, ಎಷ್ಟು ಗಂಟೆಗೆ, ಏನು ನೋಡಿಕೊಂಡು ಎಂಬುದು ಕಾಗದದ ಮೇಲೆ ಇಲ್ಲದಿದ್ದರೆ ಅದು ಯೋಜನೆಯಲ್ಲ, ದೇವರ ಮೇಲಿನ ಭಾರ.

ಭಾರ ಹಾಕಿದವರ ಕಥೆ ಬೇಕಾದರೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕನ್ನು ನೋಡಿ. ಅವರದು ಬರಿ ಆವೃತ್ತಿ ಬದಲಿಸಿದ್ದಲ್ಲ, ಇಡೀ ಮನೆಯನ್ನೇ ಬದಲಿಸಿದ್ದು. ಹಳೆಯ ಲಾಯ್ಡ್ಸ್ ಬ್ಯಾಂಕಿನ ಕಂಪ್ಯೂಟರ್ ಬಿಟ್ಟು, ಹೊಸ ಮಾಲೀಕರಾದ ಸ್ಪೇನಿನ ಸಬಾಡೆಲ್ ಬ್ಯಾಂಕಿನ ವ್ಯವಸ್ಥೆಗೆ 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ 52 ಲಕ್ಷ ಗ್ರಾಹಕರನ್ನು ಸಾಗಿಸಿದರು. ಲೆಕ್ಕವೇನೋ ಸರಿಯಾಗಿಯೇ ಹೋಯಿತು, ಓಡಿಸಬೇಕಾದ ವ್ಯವಸ್ಥೆ ಕುಸಿಯಿತು. ಜನರಿಗೆ ಖಾತೆ ತೆರೆಯಲಾಗಲಿಲ್ಲ, ಕೆಲವರಿಗೆ ಬೇರೆಯವರ ಖಾತೆ ಕಂಡಿತು. ಜೋಡಿಯಾಗಿ ಓಡಬೇಕಿದ್ದ ಎರಡು ಕೇಂದ್ರಗಳಲ್ಲಿ ಒಂದನ್ನು ಮಾತ್ರ ಪೂರ್ತಿ ಭಾರ ಹಾಕಿ ಪರೀಕ್ಷೆ ಮಾಡಿದ್ದರು ಎಂಬುದು ಆಮೇಲಿನ ತನಿಖೆಯಲ್ಲಿ ಹೊರಬಿತ್ತು! ಎಲ್ಲ ಸರಿಹೋಗುವಾಗ ಆ ವರ್ಷದ ಡಿಸೆಂಬರ್ ಬಂತು. ಮುಖ್ಯಸ್ಥರು ಕುರ್ಚಿ ಬಿಟ್ಟರು. 2022ರಲ್ಲಿ ಬಿದ್ದ ದಂಡ 4.86 ಕೋಟಿ ಪೌಂಡಿಗೂ ಮೇಲೆ, ಗ್ರಾಹಕರಿಗೆ ಕೊಟ್ಟ ಪರಿಹಾರ ಬೇರೆ.

ನಮ್ಮ ದೇಶದಲ್ಲೇ ಎಚ್‌ಡಿಎಫ್‌ಸಿ ಬ್ಯಾಂಕು 2024ರ ಜುಲೈ 13ರಂದು ತನ್ನ ಮೂಲ ವ್ಯವಸ್ಥೆಯನ್ನು ಹೊಸ ತಳಹದಿಗೆ ಸಾಗಿಸಿತು. ಬೆಳಗಿನ ಜಾವ 3ರಿಂದ ಸಂಜೆ ನಾಲ್ಕೂವರೆ ತನಕ ಕೆಲಸ ಎಂದು ಮೊದಲೇ ಸಾರಿದರು. ಅದರಲ್ಲೂ ಯುಪಿಐ ಇಲ್ಲದಿರುವುದು ಜಾವ 3ರಿಂದ 3.45, ಆಮೇಲೆ ಬೆಳಿಗ್ಗೆ 9.30ರಿಂದ ಮಧ್ಯಾಹ್ನ 12.45 ಎಂದು ನಿಮಿಷ ಲೆಕ್ಕ ಕೊಟ್ಟರು. ಎರಡನೇ ಶನಿವಾರವೆಂದು ಆ ದಿನ ಆರಿಸಿದ್ದು. ಬ್ಯಾಂಕಿಗೆ ರಜೆ, ಅಂಗಡಿಗೆ ಎಲ್ಲಿಯ ರಜೆ ಎಂದು ಕೇಳಬಹುದು, ಕೇಳಲೇಬೇಕು. ಆದರೂ ಹೊತ್ತು ಗೊತ್ತಿದ್ದ ವ್ಯಾಪಾರಿ ಚಿಲ್ಲರೆ ಇಟ್ಟುಕೊಂಡು ಕೂರಬಹುದಿತ್ತು. ನಮ್ಮೂರ ಬಸ್ ನಿಲ್ದಾಣದವರಿಗೆ ಅಷ್ಟೂ ಸಿಗಲಿಲ್ಲ.

ಇನ್ನು ಆ 340 ರೂಪಾಯಿ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಪ್ರಕಾರ ಗಿರಾಕಿಯ ಖಾತೆಯಿಂದ ಹೋಗಿ ಅಂಗಡಿಗೆ ಮುಟ್ಟದ ಯುಪಿಐ ಹಣ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ವಾಪಸು ಹೋಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ವಾಪಸು ಹೋಗುವುದು ಗಿರಾಕಿಗೆ, ಯಜಮಾನರಿಗಲ್ಲ ಎಂಬುದನ್ನು ಗಮನಿಸಿ! 'ಅವನು ಬಂದು ಕೊಟ್ರೆ ಉಂಟು' ಎಂದು ಯಜಮಾನರು ನಕ್ಕರು.

ಶಾಖೆಗೆ ಹೋಗಿ ಕೇಳಿದಾಗ ಕೌಂಟರಿನವರು 'ಎಲ್ಲಾ ಮೇಲಿನವರದು ಸಾರ್, ಇನ್ನೂ ಒಂದು ಕಂತು ಬಾಕಿ ಇದೆಯಂತೆ' ಎಂದರು. ಯಾವತ್ತು ಎಂದರೆ ಬರುವ ಶನಿವಾರ ಇರಬಹುದಂತೆ. ಶನಿವಾರ ನಮ್ಮೂರ ಸಂತೆ. ಬರೆದು ಕೊಡಿ, ಬಾಗಿಲಿಗೆ ಹೊತ್ತು ಹಾಕಿ ಅಂಟಿಸಿ ಎಂದು ಕೇಳಿ ಬಂದಿದ್ದೇನೆ. ಈ ಪುಟ ಅಚ್ಚಿಗೆ ಹೋಗುವ ತನಕ ಬಾಗಿಲ ಮೇಲೆ ಏನೂ ಇರಲಿಲ್ಲ. ಸಂತೆಗೆ ಬರುವವರು ಜೇಬಿನಲ್ಲಿ ನಾಲ್ಕು ನೋಟು ಇಟ್ಟುಕೊಂಡು ಬರುವುದು.