ಬಾತು ಇಳಿಯುವ ಕೆರೆಗೆ ಕಾನೂನಿನಲ್ಲಿ ಜಾಗವಿಲ್ಲ

ಮಾಗಡಿ ಕೆರೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತೆಂದು 2024ರ ಜನವರಿ ಕೊನೆಯಲ್ಲಿ ಸುದ್ದಿ ಬಂದಾಗ, ಚನ್ನಪಟ್ಟಣದ ಕಡೆ ನನ್ನ ಪರಿಚಯದ ಕೆಲವರು ಅದು ಕೆಂಪೇಗೌಡರ ಮಾಗಡಿಯೇ ಇರಬೇಕೆಂದು ಖುಷಿಪಟ್ಟರು. ಮಾನ್ಯತೆ ಸಿಕ್ಕಿದ್ದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿಗೆ. ಚಳಿಗಾಲ ಬಂತೆಂದರೆ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಹಿಮಾಲಯ ದಾಟಿ ಬರುವ ಹಕ್ಕಿಗಳವು. ಅವುಗಳ ಮೈಗೆ ಕಟ್ಟಿದ ಉಪಕರಣಗಳಲ್ಲಿ 7,000 ಮೀಟರಿಗೂ ಮೇಲಿನ ಹಾರಾಟ ದಾಖಲಾಗಿದೆ. ಹಗಲು ಕೆರೆಯಲ್ಲಿ ದಣಿವಾರಿಸಿಕೊಂಡು, ಸಂಜೆಯಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಆ ಹೊಲಗಳ ರೈತರು ಸಹಿಸಿಕೊಂಡಿರದಿದ್ದರೆ ಯಾವ ಒಪ್ಪಂದವೂ ಅವುಗಳನ್ನು ಉಳಿಸುತ್ತಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಕಣ್ವ ಜಲಾಶಯದ ಅಚ್ಚುಕಟ್ಟಿನಲ್ಲಿ ನಮ್ಮ ಹಿಪ್ಪುನೇರಳೆ ತೋಟವಿದೆ. ಜನವರಿ ಬಂತೆಂದರೆ ಬೆಳಗಿನ ಚಳಿಯಲ್ಲಿ ದುರ್ಬೀನು ಹಿಡಿದು ಕೆರೆ ಏರಿಯ ಮೇಲೆ ನಿಲ್ಲುತ್ತೇನೆ. ನಮ್ಮ ಕೆರೆಗಳಿಗೆ ಬರುವುದು ಹೆಚ್ಚಾಗಿ ಬಾತುಗಳು: ಸೂಜಿಯಂತೆ ಬಾಲ ಚಾಚಿದವು, ಸೌಟಿನಂಥ ಅಗಲ ಕೊಕ್ಕಿನವು, ಕಣ್ಣಿನ ಮೇಲೆ ಬಿಳಿ ಗೆರೆ ಎಳೆದ ಪುಟ್ಟವು. ಏಷ್ಯಾ ಜಲಪಕ್ಷಿ ಗಣತಿ 1987ರಿಂದ ನಡೆಯುತ್ತಿದೆ. ಹಲವು ದೇಶಗಳಲ್ಲಿ ಒಂದೇ ತಿಂಗಳು ಜನ ನೀರಿನ ಬಳಿ ನಿಂತು ಎಣಿಸುತ್ತಾರೆ. ಹಕ್ಕಿ ಒಂದು ದೇಶದ್ದಲ್ಲವಾದ್ದರಿಂದ ಲೆಕ್ಕವೂ ಒಂದು ದೇಶದ್ದಾಗಲು ಬರುವುದಿಲ್ಲ. ಮಂಗೋಲಿಯಾದಲ್ಲಿ ಕೊರಳಿಗೆ ಬಣ್ಣದ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಕಂಡಿವೆ. ಅಲ್ಲೊಬ್ಬರು ಪಟ್ಟಿ ಕಟ್ಟಿ, ಇಲ್ಲೊಬ್ಬರು ಅದರ ಅಕ್ಷರ ಓದಿ ಬರೆದುಕೊಂಡದ್ದಕ್ಕೆ ಆ ಪಯಣ ಗೊತ್ತಾಯಿತು.

ಒಪ್ಪಂದಗಳಿಗೇನೂ ಕೊರತೆಯಿಲ್ಲ. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್‌ನಲ್ಲಿ ಜೌಗು ನೆಲಗಳ ಒಪ್ಪಂದವಾಯಿತು, ಭಾರತ 1982ರಲ್ಲಿ ಸೇರಿತು. ವಲಸೆ ಪ್ರಾಣಿಗಳ ಒಪ್ಪಂದದ ಜಾಗತಿಕ ಸಮ್ಮೇಳನವನ್ನು 2020ರಲ್ಲಿ ಗಾಂಧಿನಗರದಲ್ಲಿ ನಾವೇ ನಡೆಸಿದೆವು. ಸೈಬೀರಿಯಾದಿಂದ ನಮ್ಮವರೆಗಿನ ಮಧ್ಯ ಏಷ್ಯಾ ಹಾರುದಾರಿಯಲ್ಲಿ 30 ದೇಶಗಳಿವೆ. ಅವನ್ನೆಲ್ಲ ಒಟ್ಟುಗೂಡಿಸುವ ಹೊಣೆಯನ್ನು ಭಾರತ ಹೊತ್ತುಕೊಂಡಿದೆ. ಹೊರಲೇಬೇಕಾದ ಹೊಣೆ ಅದು. ಭರತಪುರದ ಕೇವಲಾದೇವ್ ಅನ್ನು ನಾವು ರಾಷ್ಟ್ರೀಯ ಉದ್ಯಾನ ಮಾಡಿ ಕಾಯ್ದರೂ ಸೈಬೀರಿಯಾದ ಬಿಳಿ ಕೊಕ್ಕರೆಗಳು 2002ರ ನಂತರ ಅಲ್ಲಿಗೆ ಬರಲಿಲ್ಲ. ದಾರಿಯುದ್ದಕ್ಕೂ ನಡೆದ ಬೇಟೆ ಅದಕ್ಕೊಂದು ದೊಡ್ಡ ಕಾರಣ.

ನನ್ನ ತಕರಾರು ಇರುವುದು ಮನೆಯೊಳಗಿನ ಕಾನೂನಿನ ಬಗ್ಗೆ. ರಾಮ್ಸಾರ್ ಒಪ್ಪಂದ ಸಹಜ ಜೌಗನ್ನೂ ಮನುಷ್ಯ ಕಟ್ಟಿದ ಕೆರೆಯನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ. ಆದರೆ ನಮ್ಮ ಕೇಂದ್ರ ಸರ್ಕಾರದ 2017ರ ಜೌಗು ನೆಲಗಳ ನಿಯಮಗಳು ಕುಡಿಯುವ ನೀರಿಗೆ, ನೀರಾವರಿಗೆ ಎಂದೇ ಕಟ್ಟಿದವನ್ನು ಹೊರಗಿಟ್ಟಿವೆ. ಈ ಸೀಮೆಯಲ್ಲಿ ನೀರಾವರಿಗಲ್ಲದೆ ಕಟ್ಟಿದ ಕೆರೆ ಎಲ್ಲಿದೆ? ಹೊಳೆ ಬತ್ತುವ ನಾಡಿನಲ್ಲಿ ಹಿರಿಯರು ಏರಿ ಹಾಕಿ, ತೂಬು ಇಟ್ಟು, ಕೋಡಿ ಬಿಟ್ಟು ಮಾಡಿದ ನೀರೇ ಬಾತುಗಳಿಗೂ ಆಸರೆಯಾಯಿತು. ಗದಗದ ಮಾಗಡಿಯೂ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಕಟ್ಟಿದ ಕೆರೆಗಳೇ. ಅವುಗಳಿಗೆ ಜಗತ್ತಿನ ಮಾನ್ಯತೆ, ಅವುಗಳಂಥದೇ ನಮ್ಮ ಕೆರೆಗಳಿಗೆ ಜೌಗು ಎಂಬ ಹೆಸರೂ ಇಲ್ಲ. ಈ ವಿನಾಯಿತಿಯನ್ನು ತೆಗೆಯಬೇಕೆಂದು ರಾಜ್ಯ ಸರ್ಕಾರ ದೆಹಲಿಯಲ್ಲಿ ಗಟ್ಟಿಯಾಗಿ ಕೇಳಬೇಕು.

ಕಾನೂನಿನ ಕಣ್ಣಿಗೆ ಬೀಳದ್ದು ಕಾಮಗಾರಿಯ ಕಣ್ಣಿಗೂ ಬೀಳುವುದಿಲ್ಲ. ಇಗ್ಗಲೂರು ಬ್ಯಾರೇಜಿನಿಂದ ಶಿಂಷಾ ನೀರೆತ್ತಿ ಚನ್ನಪಟ್ಟಣದ ಕೆರೆಗಳನ್ನು ತುಂಬಿಸಿದ್ದರಿಂದ ಕೊಳವೆಬಾವಿಗಳಿಗೆ ಜೀವ ಬಂತು, ನಮ್ಮ ತೋಟಕ್ಕೂ ಬಂತು. ಅದನ್ನು ನಾನು ಮನಸಾರೆ ನೆನೆಯುತ್ತೇನೆ. ಆದರೆ ಹೂಳೆತ್ತುವಾಗ ಜೆಸಿಬಿ ಇಡೀ ಅಂಗಳವನ್ನು ಒಂದೇ ಆಳಕ್ಕೆ ಬಗೆದು, ದಡವನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸುತ್ತದೆ. ಬಾಲ ಮೇಲೆ ಮಾಡಿ, ತಲೆ ನೀರಿಗಿಟ್ಟು ಮೇಯುವ ಬಾತಿಗೆ ಮೊಣಕಾಲುದ್ದದ ನೀರು ಬೇಕು. ಹಿನ್ನೀರಿನ ಅಂಚಿನಲ್ಲಿ ಜೊಂಡು, ಹುಲ್ಲು, ಕೆಸರು ಇರುವ ಇಳಿಜಾರು ಬೇಕು. ಆಳ ಮಾಡುವುದನ್ನು ತೂಬಿನ ಕಡೆಗೆ ಇಟ್ಟುಕೊಂಡು ಆ ಅಂಚನ್ನು ಮುಟ್ಟದೆ ಬಿಟ್ಟರೆ ರೈತರಿಗೂ ನೀರುಂಟು, ಬಾತಿಗೂ ಮೇವುಂಟು.

ಬಿಡದಿ ಬಳಿಯ ಭೈರಮಂಗಲ ಕೆರೆಯ ಕತೆ ಬೇರೆ. ಬೆಂಗಳೂರಿನ ಕೊಳಕನ್ನೆಲ್ಲ ಹೊತ್ತು ಬರುವ ವೃಷಭಾವತಿ ಅಲ್ಲಿ ಕರಿನೊರೆಯಾಗಿ ನಿಂತು, ಮುಂದೆ ಅರ್ಕಾವತಿ ಸೇರಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಮಹಾನಗರ ತನ್ನ ನೀರನ್ನು ತಾನು ಶುದ್ಧ ಮಾಡಿ ಬಿಡುವವರೆಗೆ ಆ ಕೆರೆಯ ದಡದಲ್ಲಿ ಏನು ಕಟ್ಟಿದರೂ ಅದು ಕೆರೆಯ ಉದ್ಧಾರವಲ್ಲ.

ನಮ್ಮೂರಿನ ಹಿರಿಯ ರೈತರೊಬ್ಬರು ಒಮ್ಮೆ ಏರಿಯ ಮೇಲೆ ನಿಂತು ಕೇಳಿದರು: ‘ಮೇಡಂನೋರೆ, ನೀವು ಎಣಿಸಿ ಬರೆದು ಕಳಿಸ್ತೀರಿ. ನಾಳೆ ಫಾರೆಸ್ಟ್‌ನೋರು ಬಂದು ಬೇಲಿ ಹಾಕಿದ್ರೆ ನಮ್ಮ ದನಕ್ಕೆ ನೀರೆಲ್ಲಿ?’ ಈ ಭಯವನ್ನು ತಳ್ಳಿಹಾಕುವವರು ಕೆರೆ ಉಳಿಸಲಾರರು. ರಾಮ್ಸಾರ್ ಒಪ್ಪಂದ ಜೌಗು ನೆಲದ ವಿವೇಕದ ಬಳಕೆಯನ್ನು ಒಪ್ಪುತ್ತದೆ. ನೀರು ಹಾಯಿಸಬೇಡಿ, ಮೀನು ಹಿಡಿಯಬೇಡಿ ಎನ್ನುವುದಿಲ್ಲ. ವನ್ಯಜೀವಿ ಕಾಯ್ದೆಯಡಿ ಸರ್ಕಾರಿ ಜಾಗವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸುವ ಮೊದಲು ಸ್ಥಳೀಯರನ್ನು ಕೇಳಲೇಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರು ಇರಲೇಬೇಕು. ಗದಗದ ಮಾಗಡಿ ಮೊದಲು ಹಾಗೆ ಮೀಸಲಾಗಿಯೇ ರಾಮ್ಸಾರ್ ಪಟ್ಟಿ ಸೇರಿದ್ದು. ನಮ್ಮ ಗಡಿಗೆ ಅಂಟಿದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲೇ ಸಮುದಾಯ ಮೀಸಲಾಯಿತು. ಹೆಜ್ಜಾರ್ಲೆಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಳ್ಳುವ ಆ ಊರನ್ನು ಯಾವ ಬೇಲಿಯೂ ಸುತ್ತಿಕೊಂಡಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ತಲಾ ಒಂದು ಕೆರೆಯನ್ನಾದರೂ ಹೀಗೆ ಮೀಸಲು ಮಾಡಲಿ. ಯಾವ ಕೆರೆ ಎಂಬುದನ್ನು ಗ್ರಾಮಸಭೆ ಹೇಳಲಿ. ಬರುವ ಜನವರಿಯ ಗಣತಿಗೆ ನಾಲ್ಕೂ ತಾಲ್ಲೂಕಿನ ಶಾಲಾ ಮಕ್ಕಳನ್ನು ಏರಿಗೆ ಕರೆತರಲು ಶಿಕ್ಷಣ ಇಲಾಖೆ ಅನುಮತಿ ಕೊಡಲಿ, ಎಣಿಸುವುದನ್ನು ಕಲಿಸಲು ನಾನು ಬರುತ್ತೇನೆ. ಸಣ್ಣ ನೀರಾವರಿ ಇಲಾಖೆ ಮುಂದಿನ ಹೂಳೆತ್ತುವ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಹಿನ್ನೀರಿನ ಅಂಚನ್ನು ಬಿಟ್ಟು ಅಗೆಯಬೇಕೆಂದು ಒಂದು ಸಾಲು ಸೇರಿಸಲಿ. ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.